ಡ್ಯೂಟಿಯಲ್ಲಿರುವ ಪೊಲೀಸರಿಗೆ 'ಗನ್ ಹೊರಗಿಟ್ಟು ಬನ್ನಿ' ಅಂತ ಆಸ್ಪತ್ರೆಯವರು ಹೇಳಬಹುದಾ?

ನಿಮ್ಮ ಅಣ್ಣ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಕಾನ್‌ಸ್ಟೇಬಲ್. ವಿಚಾರಣಾಧೀನ ಕೈದಿಯೊಬ್ಬನನ್ನು ಎಂಆರ್‌ಐ ಸ್ಕ್ಯಾನ್‌ಗೆ ಕರೆದುಕೊಂಡು ಹೋಗಿದ್ದರು. ಟೆಕ್ನಿಷಿಯನ್ ಬಾಗಿಲಲ್ಲೇ ತಡೆದು, ಗನ್ ಹೊರಗಿಟ್ಟು ಬನ್ನಿ ಅಂದರು. ಅಣ್ಣನಿಗೆ ಅದು ಅವಮಾನ ಅನ್ನಿಸಿದೆ. ಯೂನಿಫಾರ್ಮ್‌ನಲ್ಲಿರುವವರಿಗೆ ಹಾಗೆ ಹೇಳುವ ಅಧಿಕಾರ ಆಸ್ಪತ್ರೆಗೆ ಇದೆಯಾ ಅಂತ ನೀವು ಕೇಳಿದ್ದೀರಿ.

ನಾನು ರೇಡಿಯಾಲಜಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪೊಲೀಸರಿಗೆ ಇದೇ ಮಾತನ್ನು ನಾನೂ ಹೇಳಿದ್ದೇನೆ. ತಡೆದದ್ದು ಸರಿಯೇ. ಆದರೆ 'ಹೊರಗಿಡಿ' ಅಂದರೆ ಎಲ್ಲಿಡಬೇಕು? ಕಾರಿಡಾರ್ ಬೆಂಚಿನ ಮೇಲಾ? ಅದನ್ನು ಹೇಳದೆ ಬಿಟ್ಟಿದ್ದರೆ ಆಸ್ಪತ್ರೆ ತನ್ನ ಕೆಲಸ ಅರ್ಧ ಮಾತ್ರ ಮಾಡಿದೆ. ಸರ್ಕಾರಿ ಗನ್ ಕಳೆದುಹೋದರೆ ಕಾನ್‌ಸ್ಟೇಬಲ್ ಗತಿ ಏನಾಗುತ್ತದೆ ಅಂತ ಪೊಲೀಸ್ ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಣ್ಣನಿಗೆ ಬಂದ ಸಿಟ್ಟಿನಲ್ಲಿ ಆ ಭಯವೂ ಇತ್ತು ಅಂತ ನನಗೆ ಅನ್ನಿಸುತ್ತದೆ.

ಮೊದಲು ತಡೆದದ್ದು ಯಾಕೆ ಅಂತ ನೋಡೋಣ. ಎಂಆರ್‌ಐ ಮೆಷಿನ್ ಅಂದರೆ ಒಂದು ಭಾರೀ ಆಯಸ್ಕಾಂತ. ಅದರ ಶಕ್ತಿಯನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಅಥವಾ 3 ಟೆಸ್ಲಾ ಎಂಆರ್‌ಐ. 1.5 ಟೆಸ್ಲಾ ಅಂದರೆ ಭೂಮಿಯ ಆಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. ಇನ್ನೂ ಮುಖ್ಯವಾದ ವಿಷಯ ಬೇರೆ ಇದೆ. ಸ್ಕ್ಯಾನ್ ನಡೆಯದೇ ಇದ್ದಾಗಲೂ ಆ ಆಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ. ರಾತ್ರಿ ಲೈಟ್ ಆರಿಸಿ ಬೀಗ ಹಾಕಿಕೊಂಡು ಹೋದರೂ ಅಷ್ಟೇ. 'ಈಗ ಮೆಷಿನ್ ಆಫ್ ಇದೆ ಅಲ್ವಾ, ಒಂದು ನಿಮಿಷ ಬರ್ತೀನಿ' ಅನ್ನುವವರು ಬಹಳ ಜನ. ಅದು ಆಫ್ ಆಗುವುದೇ ಇಲ್ಲ.

'ಸೇಫ್ಟಿ ಲಾಕ್ ಹಾಕಿದೆ' ಅನ್ನುವುದು ಪೊಲೀಸರಿಂದ ನಾನು ಜಾಸ್ತಿ ಕೇಳಿರುವ ಮಾತು. ಅದಕ್ಕೆ ಉತ್ತರವಾಗಿ ಒಂದು ಘಟನೆ ಹೇಳುತ್ತೇನೆ. 2000ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಡ್ಯೂಟಿಯಲ್ಲಿ ಇಲ್ಲದ ಪೊಲೀಸ್ ಅಧಿಕಾರಿಯೊಬ್ಬರು ತಮ್ಮದೇ ಸ್ಕ್ಯಾನ್‌ಗೆ ಬಂದಿದ್ದರು. ಹತ್ತಿರ ಗನ್ ಇದೆ ಅಂತ ಮೊದಲೇ ಹೇಳಿದ್ದರು, ಮುಚ್ಚಿಡಲಿಲ್ಲ. ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ ಅಂತ ಟೆಕ್ನಿಷಿಯನ್ ಹೇಳಿದರು. ಒಳಗೆ ಹೋಗುವ ಮುಂಚೆ ತೆಗೆದುಕೊಂಡು ಭದ್ರವಾಗಿ ಇಡೋಣ ಅನ್ನುವುದು ಅವರ ಲೆಕ್ಕ. ಅಧಿಕಾರಿಗೆ ಅದು ಬೇರೆ ರೀತಿ ಅರ್ಥವಾಯಿತು. ಗನ್ ಸಮೇತ ಕೋಣೆಯೊಳಗೆ ಹೋಗಿ ಅದನ್ನು ಒಂದು ಕಪಾಟಿನ ಮೇಲೆ ಇಟ್ಟರು. ಮೆಷಿನ್ ಅಲ್ಲಿಂದ ಮೂರೇ ಅಡಿ. ಪಿಸ್ತೂಲ್ ಹಾರಿಹೋಗಿ ಮೆಷಿನ್‌ಗೆ ಬಡಿಯಿತು, ಬಡಿದ ಕೂಡಲೇ ಗುಂಡು ಹಾರಿ ಗೋಡೆಗೆ ಹೊಕ್ಕಿತು. ಸೇಫ್ಟಿ ಲಾಕ್ ಹಾಕಿಯೇ ಇತ್ತು! ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಈ ಘಟನೆಯಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಇಬ್ಬರೂ ಜವಾಬ್ದಾರಿಯಿಂದಲೇ ನಡೆದುಕೊಂಡರು. ಗನ್ ಇಂಥಲ್ಲೇ ಇಡಬೇಕು ಅಂತ ಜಾಗ ಗೊತ್ತುಮಾಡಿ, ಬಾಗಿಲಿಗೆ ಬರುವ ಮುಂಚೆಯೇ ತೋರಿಸಿದ್ದರೆ ಇದು ಆಗುತ್ತಿರಲಿಲ್ಲ.

ನಮ್ಮ ದೇಶದಲ್ಲೂ ಆಗಿದೆ. 2017ರಲ್ಲಿ ಲಖನೌದ ರಾಮಮನೋಹರ ಲೋಹಿಯಾ ಸಂಸ್ಥೆಯಲ್ಲಿ ಸಚಿವರೊಬ್ಬರಿಗೆ ಎಂಆರ್‌ಐ ಮಾಡುವಾಗ ಅವರ ಗನ್‌ಮ್ಯಾನ್ ಪಿಸ್ತೂಲ್ ಸಮೇತ ಒಳಗೆ ಬಂದರು. ಪಿಸ್ತೂಲ್ ಹೋಗಿ ಮೆಷಿನ್‌ಗೆ ಅಂಟಿಕೊಂಡಿತು. 2023ರ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ಆದ ಇಂಥದ್ದೇ ಘಟನೆಯಿಂದ ಜೀವವೇ ಹೋಯಿತು. ಅಲ್ಲಿ ತಾಯಿಯ ಜೊತೆ ಬಂದಿದ್ದ ವಕೀಲರೊಬ್ಬರು ಬಟ್ಟೆಯೊಳಗೆ ಗನ್ ಇಟ್ಟುಕೊಂಡೇ ಒಳಗೆ ಹೋಗಿದ್ದರು. ಗುಂಡು ಹೊಟ್ಟೆಗೆ ತಗುಲಿತು, ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ಒಂದು ಸ್ಕ್ಯಾನಿಂಗ್ ಸೆಂಟರ್ ಮೇಲೆ ದಾಳಿ ಮಾಡಿದಾಗ ಅವರ ರೈಫಲ್ ಮೆಷಿನ್‌ಗೆ ಸಿಕ್ಕಿಕೊಂಡಿತು.

ಕಾನೂನಿನ ಮಾತಿಗೆ ಬಂದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಡ್ಯೂಟಿಯಲ್ಲಿರುವ ಸರ್ಕಾರಿ ನೌಕರರಿಗೆ ವಿನಾಯಿತಿ ಕೊಟ್ಟಿದೆ. ಲೈಸೆನ್ಸ್ ತೋರಿಸಿ ಅಂತ ಅಣ್ಣನನ್ನು ಆಸ್ಪತ್ರೆಯವರು ಕೇಳುವ ಹಾಗಿಲ್ಲ. ಆದರೆ ಆ ಕೋಣೆಯೊಳಗೆ ಯಾರಿಗೆ ಏನಾದರೂ ಅದಕ್ಕೆ ಉತ್ತರ ಕೊಡಬೇಕಾದವರು ಆಸ್ಪತ್ರೆಯವರೇ. ಕಬ್ಬಿಣ ಒಳಗೆ ಬರಬಾರದು ಅನ್ನುವ ನಿಯಮ ಡಾಕ್ಟರಿಗೂ ಇದೆ, ಆಯಾಗೂ ಇದೆ, ಮಂತ್ರಿಗೂ ಇದೆ. 2018ರಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನೊಬ್ಬ ಸತ್ತ. ಅಲ್ಲಿ ಗನ್ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಹಾಗಾಗಿ ಇದನ್ನು ಖಾಕಿಗೆ ಆದ ಅವಮಾನ ಅಂತ ಅಣ್ಣ ತಿಳಿಯಬಾರದು.

ಎಂಆರ್‌ಐ ಬಿಟ್ಟು ಬೇರೆ ವಾರ್ಡ್‌ಗಳ ಕಥೆ ಇಷ್ಟು ನೇರವಾಗಿಲ್ಲ. ಗನ್ ಬೇಡ ಅನ್ನುವವರು ತೋರಿಸುವುದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. 2000ದಿಂದ 2011ರವರೆಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಗುಂಡು ಹಾರಿದ 154 ಪ್ರಕರಣಗಳನ್ನು ಅವರು ನೋಡಿದರು. ತುರ್ತು ಚಿಕಿತ್ಸಾ ವಿಭಾಗದೊಳಗೆ ನಡೆದವುಗಳಲ್ಲಿ ಶೇ. 23ರಷ್ಟರಲ್ಲಿ ಬಳಸಿದ್ದು ಸೆಕ್ಯುರಿಟಿಯವರಿಂದಲೇ ಕಿತ್ತುಕೊಂಡ ಗನ್. ಇನ್ನೊಂದು ಕಡೆ 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರದಲ್ಲಿ ಆದದ್ದಿದೆ. ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿ ಕತ್ತರಿಯಿಂದ ಚುಚ್ಚಿ ಚುಚ್ಚಿ ಯುವ ವೈದ್ಯೆಯನ್ನು ಕೊಂದ. ಆ ಸುದ್ದಿ ಓದಿದ ಮೇಲೆ ಪೊಲೀಸರು ದೂರ ಇರಲಿ ಅಂತ ಆಸ್ಪತ್ರೆಯ ಯಾರೂ ಹೇಳಲಾರರು. ನಾನಂತೂ ಹೇಳುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಕೈದಿಯ ಪಕ್ಕದಲ್ಲೇ, ಅವನ ಕೈಗೆ ಎಟಕುವಷ್ಟು ಹತ್ತಿರ ನಿಲ್ಲುವವರ ಸೊಂಟದಲ್ಲಿ ಗನ್ ಇರಬಾರದು. ಗನ್ ಇರುವವರು ಬಾಗಿಲ ಹತ್ತಿರ, ಸ್ವಲ್ಪ ದೂರದಲ್ಲಿ ನಿಲ್ಲಲಿ. ಇದಕ್ಕೆ ಎಸ್ಕಾರ್ಟ್‌ಗೆ ಇಬ್ಬರಾದರೂ ಬೇಕು. ಒಬ್ಬರನ್ನೇ ಕಳಿಸಿ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಇಲಾಖೆಯ ತಪ್ಪು.

ಇನ್ನು ಅಣ್ಣನಿಗೆ ಉಪಯೋಗವಾಗುವ ಮಾತು. ಕೈದಿ ತಪ್ಪಿಸಿಕೊಂಡರೆ ಅನ್ನುವುದು ಅವರ ದೊಡ್ಡ ಚಿಂತೆ ಇರಬೇಕು. ಎಂಆರ್‌ಐ ಕೋಣೆಗೆ ಸಾಮಾನ್ಯವಾಗಿ ಇರುವುದು ಒಂದೇ ಬಾಗಿಲು. ರೇಡಿಯೋ ಅಲೆಗಳು ನುಗ್ಗದಂತೆ ಗೋಡೆಗಳಿಗೆ ಸುತ್ತಲೂ ತಾಮ್ರದಂಥ ಲೋಹದ ಹೊದಿಕೆ ಇರುತ್ತದೆ. ಟೆಕ್ನಿಷಿಯನ್ ಕೂರುವ ಕಂಟ್ರೋಲ್ ರೂಮಿನ ಗಾಜಿನಿಂದ ಒಳಗಿರುವವರು ಪೂರ್ತಿ ಕಾಣುತ್ತಾರೆ. ಆ ಗಾಜಿನ ಮುಂದೆ ಒಬ್ಬರು, ಬಾಗಿಲ ಹೊರಗೆ ಒಬ್ಬರು ನಿಂತರೆ ಸಾಕು. ಒಳಗೆ ಹೋಗುವ ಅಗತ್ಯವೇ ಬರುವುದಿಲ್ಲ. ಹೋಗಲೇಬೇಕಾದರೆ ತಮ್ಮ ಗನ್ ಮತ್ತು ಗುಂಡುಗಳನ್ನು ಜೊತೆಗಿರುವ ಪೊಲೀಸರ ಕೈಗೇ ಕೊಡಲಿ, ಆಸ್ಪತ್ರೆ ಸಿಬ್ಬಂದಿಗೆ ಬೇಡ. ಬೆಲ್ಟ್, ಬ್ಯಾಡ್ಜ್, ಸೀಟಿ, ಕೀ, ಮೊಬೈಲ್ ಕೂಡ ಹೊರಗೇ ಇರಲಿ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು.

ಅಕಸ್ಮಾತ್ ಗನ್ ಮೆಷಿನ್‌ಗೆ ಅಂಟಿಕೊಂಡರೆ ಎಳೆಯಲು ಹೋಗಬಾರದು. ಎಲ್ಲರೂ ಹೊರಗೆ ಬರಬೇಕು. ಆಮೇಲೆ ಆ ಗನ್ನನ್ನು ಆರ್ಮರರ್ (ಇಲಾಖೆಯ ಗನ್‌ಗಳನ್ನು ರಿಪೇರಿ ಮಾಡಿ ನೋಡಿಕೊಳ್ಳುವವರು) ಪರೀಕ್ಷೆ ಮಾಡದೆ ಮತ್ತೆ ಬಳಸಬಾರದು. ಒಳಗಿನ ಸಣ್ಣ ಭಾಗಗಳು ಆಯಸ್ಕಾಂತವಾಗಿ ಬಿಟ್ಟಿರಬಹುದು.

ಬೇಡಿಯ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಅದೂ ಉಕ್ಕು, ಅದನ್ನು ಹಾಕಿಕೊಂಡು ಸ್ಕ್ಯಾನ್ ಮಾಡಲು ಆಗುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಆರ್‌ಪಿಐ (ರಿಸರ್ವ್ ಪೊಲೀಸ್ ಇನ್‌ಸ್ಪೆಕ್ಟರ್) ಕಡೆಯಿಂದ ಆಸ್ಪತ್ರೆಗೆ ಒಂದು ಫೋನ್ ಹೋಗಲಿ: ಕೈದಿ ಬರುತ್ತಿದ್ದಾನೆ, ನಾವು ಇಷ್ಟು ಜನ, ಇಷ್ಟು ಗನ್ ಇವೆ, ಬೇಡಿ ಬದಲು ಪ್ಲಾಸ್ಟಿಕ್ ಪಟ್ಟಿ ತರಬೇಕಾ, ಬೀಗ ಇರುವ ಲಾಕರ್ ಇದೆಯಾ ಅಂತ. ಲಾಕರ್ ಇಲ್ಲ ಅಂದರೆ ಎರಡನೇ ಎಸ್ಕಾರ್ಟ್ ಇಲ್ಲದೆ ಹೊರಡುವುದು ಬೇಡ.