ವಾಹನ ವಿಚಾರ: ಎರಡು ಚೋಕ್‌ನ ಕಾರ್ಬ್ಯುರೇಟರ್ ಕುರಿತು ಓದುಗರ ಪ್ರಶ್ನೆಗಳು

ಹಳೆಯ ಪೆಟ್ರೋಲ್ ಗಾಡಿಗಳನ್ನು ಇಟ್ಟುಕೊಂಡಿರುವವರಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ಗೆ ಸಂಬಂಧಿಸಿದವೇ ಆಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತೋಟದ ಹಳೆಯ ಜಿಪ್ಸಿಗೆ ಹೋದ ವರ್ಷ ವೆಬರ್ 32/36 ಕಾರ್ಬ್ಯುರೇಟರ್ ಹಾಕಿಸಿದೆ. ಮಾರಿದವರು ಅದನ್ನು ‘ಟ್ವಿನ್ ಚೋಕ್ ಡೌನ್‌ಡ್ರಾಫ್ಟ್’ ಎಂದರು. ಚೋಕ್ ಎಂದರೆ ಬೆಳಗಿನ ಚಳಿಯಲ್ಲಿ ಎಳೆಯುವ ಚೋಕ್ ಎಂದು ನಾನು ತಿಳಿದಿದ್ದೆ. ಅದು ಎರಡು ಏಕೆ? 32, 36 ಎಂದರೆ ಏನು? (ಸಕಲೇಶಪುರದ ಕಾಫಿ ಬೆಳೆಗಾರರು)

ಉತ್ತರ: ಈ ಗೊಂದಲ ನಿಮಗೊಬ್ಬರಿಗೇ ಆದದ್ದಲ್ಲ, ಒಂದೇ ಪದಕ್ಕೆ ಎರಡು ಅರ್ಥ ಅಂಟಿಕೊಂಡಿರುವುದು ಅದಕ್ಕೆ ಕಾರಣ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಗಾಳಿಯ ದಾರಿಯನ್ನು ಮೇಲಿನಿಂದ ಮುಚ್ಚುವ ರೆಕ್ಕೆಯನ್ನು ನಾವೆಲ್ಲ ಚೋಕ್ ಎನ್ನುತ್ತೇವೆ. ಆದರೆ ಕಾರ್ಬ್ಯುರೇಟರ್ ತಯಾರಕರ ಮಾತಿನಲ್ಲಿ ಗಾಳಿಯ ನಾಳದ ನಡುವೆ ಇರುವ ಇಕ್ಕಟ್ಟಾದ ಕುತ್ತಿಗೆಗೂ, ಅಂದರೆ ವೆಂಚುರಿಗೂ, ಚೋಕ್ ಎಂದೇ ಹೆಸರು. ನಿಮ್ಮದು ಟ್ವಿನ್ ಚೋಕ್ ಎಂದರೆ ಅದರಲ್ಲಿ ಅಂತಹ ಎರಡು ಕುತ್ತಿಗೆಗಳಿವೆ, ಎರಡು ಬ್ಯಾರೆಲ್‌ಗಳಿವೆ ಎಂದರ್ಥ. ಏರ್ ಫಿಲ್ಟರ್ ಬಿಚ್ಚಿ ಮೇಲಿನಿಂದ ನೋಡಿದರೆ ಅಕ್ಕಪಕ್ಕದಲ್ಲಿ ಎರಡು ಬಾವಿಗಳಂತೆ ಅವು ಕಾಣುತ್ತವೆ. ಚಳಿಯ ಚೋಕ್‌ನ ರೆಕ್ಕೆಗಳೂ ಈ ಮಾದರಿಯಲ್ಲಿ ಎರಡಿದ್ದರೂ ಅವು ಒಂದೇ ಸರಳಿನ ಮೇಲೆ ಒಟ್ಟಿಗೆ ತಿರುಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಕುತ್ತಿಗೆ ಏಕೆ ಬೇಕು ಎಂಬುದನ್ನು ನಿಮ್ಮ ಹೇಮಾವತಿಯನ್ನು ನೋಡಿಯೇ ತಿಳಿಯಬಹುದು. ಅಗಲವಾಗಿ ಹರಿಯುವ ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾದಲ್ಲಿ ಸೆಳವು ಹೆಚ್ಚುವಂತೆ, ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯೂ ಕುತ್ತಿಗೆಯಲ್ಲಿ ವೇಗ ಪಡೆಯುತ್ತದೆ, ವೇಗ ಹೆಚ್ಚಿದಲ್ಲಿ ಅದರ ಒತ್ತಡ ಕುಸಿಯುತ್ತದೆ. ಪಕ್ಕದ ಫ್ಲೋಟ್ ಚೇಂಬರ್‌ನಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡವಿರುತ್ತದೆ. ಈ ಎರಡು ಒತ್ತಡಗಳ ವ್ಯತ್ಯಾಸವೇ ಪೆಟ್ರೋಲನ್ನು ಮೇನ್ ಜೆಟ್ ಎಂಬ ಅಳತೆಯ ತೂತಿನ ಮೂಲಕ ತಳ್ಳಿ, ಎಮಲ್ಷನ್ ಟ್ಯೂಬ್‌ನ ತೂತುಗಳಲ್ಲಿ ಬರುವ ಗಾಳಿಯೊಂದಿಗೆ ನೊರೆಯಾಗಿಸಿ, ಕುತ್ತಿಗೆಯ ನಡುವೆ ಚಿಮ್ಮಿಸುತ್ತದೆ. ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಇದು ಡೌನ್‌ಡ್ರಾಫ್ಟ್. ಹಳೆಯ ಬ್ರಿಟಿಷ್ ಕಾರುಗಳ ಎಸ್‌ಯು ಕಾರ್ಬ್ಯುರೇಟರ್‌ಗಳಲ್ಲಿ ಸಾಮಾನ್ಯವಾಗಿ ಗಾಳಿ ಅಡ್ಡಡ್ಡವಾಗಿ ಹರಿಯುತ್ತಿತ್ತು.

32 ಮತ್ತು 36 ಎನ್ನುವುದು ತಳದಲ್ಲಿ, ಕಾಲು ಒತ್ತಿದಾಗ ತೆರೆಯುವ ಥ್ರಾಟಲ್ ಬಿಲ್ಲೆಗಳಿರುವ ಜಾಗದ ವ್ಯಾಸ, ಮಿಲಿಮೀಟರ್‌ಗಳಲ್ಲಿ. ಕುತ್ತಿಗೆಗಳು ಇವಕ್ಕಿಂತ ಕಿರಿದು, ಸಾಮಾನ್ಯವಾಗಿ 26 ಮತ್ತು 27 ಮಿಲಿಮೀಟರ್. 32ರ ಬ್ಯಾರೆಲ್‌ನಲ್ಲಿ 26ರ ಕುತ್ತಿಗೆಯೆಂದರೆ ಅಲ್ಲಿ ಗಾಳಿಗೆ ಸಿಗುವ ಜಾಗ ಮೂರರಲ್ಲಿ ಎರಡು ಪಾಲು ಮಾತ್ರ, ಆದ್ದರಿಂದ ವೇಗ ಸುಮಾರು ಒಂದೂವರೆ ಪಟ್ಟು. ಎಡೊವಾರ್ಡೊ ವೆಬರ್ ತನ್ನ ಕಾರ್ಖಾನೆಯನ್ನು 1923ರಲ್ಲಿ ಆರಂಭಿಸಿದ್ದು ಇಟಲಿಯ ಬೊಲೋನ್ಯಾದಲ್ಲಿ. ಕುತ್ತಿಗೆಗೆ ಹೆಸರು ಕೊಟ್ಟ ಜೊವಾನ್ನಿ ಬಟಿಸ್ಟಾ ವೆಂಚುರಿ ಎಂಬ ಪಾದ್ರಿ ಮತ್ತು ಭೌತವಿಜ್ಞಾನಿ 1746ರಲ್ಲಿ ಹುಟ್ಟಿದ್ದೂ ಅದೇ ಸೀಮೆಯಲ್ಲಿ. ಕಾಕತಾಳೀಯವೇ ಇರಬಹುದು, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ಎರಡನೆಯ ಬ್ಯಾರೆಲ್ ಕೆಲಸ ಮಾಡದಂತೆ ಲಿಂಕ್ ತೆಗೆದುಹಾಕಿದರೆ ಮೈಲೇಜ್ ಹೆಚ್ಚುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಮಾಡಬೇಡಿ. ಎರಡು ಬ್ಯಾರೆಲ್‌ಗಳ ಏರ್ಪಾಡಿನ ಉದ್ದೇಶವೇ ಮೈಲೇಜ್ ಮತ್ತು ಪಿಕಪ್ ಎರಡನ್ನೂ ಉಳಿಸುವುದು. ಒಂದೇ ದೊಡ್ಡ ಬ್ಯಾರೆಲ್ ಇಟ್ಟರೆ ನಿಧಾನ ಓಟದಲ್ಲಿ ಅದರ ಕುತ್ತಿಗೆಯಲ್ಲಿ ಗಾಳಿಗೆ ವೇಗವೇ ಬರುವುದಿಲ್ಲ, ಪೆಟ್ರೋಲ್ ಸರಿಯಾಗಿ ಹನಿಯೊಡೆಯದೆ ಗೋಡೆಗೆ ಒಸರುತ್ತದೆ. ಒಂದೇ ಸಣ್ಣದನ್ನು ಇಟ್ಟರೆ ಹೆದ್ದಾರಿಯಲ್ಲಿ ಎಂಜಿನ್‌ಗೆ ಉಸಿರು ಕಟ್ಟುತ್ತದೆ. ಆದ್ದರಿಂದ ದಿನನಿತ್ಯದ ಓಡಾಟವನ್ನೆಲ್ಲ ಸಣ್ಣದಾದ ಪ್ರೈಮರಿ ಬ್ಯಾರೆಲ್ ಒಂದೇ ನಿಭಾಯಿಸುತ್ತದೆ, ಸೆಕೆಂಡರಿ ಬ್ಯಾರೆಲ್ ಅಲ್ಲಿಯವರೆಗೆ ಮುಚ್ಚಿಕೊಂಡೇ ಇರುತ್ತದೆ. ವೆಬರ್ 32/36ರಲ್ಲಿ ಪ್ರೈಮರಿ ಥ್ರಾಟಲ್ ಸುಮಾರು ಮೂರರಲ್ಲಿ ಎರಡು ಪಾಲು ತೆರೆದ ಮೇಲೆ ಲಿಂಕೇಜ್ ಎರಡನೆಯದನ್ನು ಎಳೆಯಲಾರಂಭಿಸುತ್ತದೆ, ಕಾಲು ಪೂರ್ತಿ ಒತ್ತಿದಾಗ ಎರಡೂ ಒಟ್ಟಿಗೆ ಪೂರ್ತಿ ತೆರೆದುಕೊಳ್ಳುತ್ತವೆ. ಜಪಾನೀ ಮೂಲದ ಹಲವು ಸಣ್ಣ ಕಾರುಗಳಲ್ಲಿ ಈ ಕೆಲಸವನ್ನು ಲಿಂಕ್‌ಗೆ ಒಪ್ಪಿಸದೆ, ಒತ್ತಡಕ್ಕೆ ಬಾಗುವ ಪೊರೆಯಾದ ಡಯಾಫ್ರಮ್‌ಗೆ ಒಪ್ಪಿಸಿರುತ್ತಾರೆ: ಪ್ರೈಮರಿ ಕುತ್ತಿಗೆಯಲ್ಲಿ ಗಾಳಿ ಸಾಕಷ್ಟು ವೇಗವಾಗಿ ಹರಿದು ಒತ್ತಡ ಇಳಿದಾಗ ಮಾತ್ರ ಡಯಾಫ್ರಮ್ ಸೆಕೆಂಡರಿಯನ್ನು ಎಳೆಯುತ್ತದೆ. ಅಲ್ಲಿ ನೀವು ಎಷ್ಟೇ ಜೋರಾಗಿ ಕಾಲು ಒತ್ತಿದರೂ ಎಂಜಿನ್‌ಗೆ ಬೇಕಾಗುವವರೆಗೆ ಅದು ತೆರೆಯದು. ಎರಡು ಬಿಲ್ಲೆಗಳೂ ಮೊದಲಿನಿಂದಲೇ ಜೊತೆಯಾಗಿ ತೆರೆಯುವ ವೆಬರ್ 38 ಡಿಜಿಎಎಸ್‌ನಂತಹ ಮಾದರಿಗಳೂ ಇವೆ. ಬ್ರಿಟನ್ನಿನ ಫೋರ್ಡ್ ಕ್ಯಾಪ್ರಿಯ 3 ಲೀಟರ್ ವಿ6 ಎಂಜಿನ್‌ನ ಮೇಲೆ ಕೂರುತ್ತಿದ್ದದ್ದು ಅದೇ.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಮಾಡಿದಿರಿ ಎಂದುಕೊಳ್ಳಿ. ಊರೊಳಗೆ ನಿಧಾನವಾಗಿ ಓಡಿಸುವಾಗ ಒಂದು ಹನಿಯೂ ಉಳಿಯುವುದಿಲ್ಲ, ಏಕೆಂದರೆ ಅಲ್ಲಿ ಸೆಕೆಂಡರಿ ಕೆಲಸ ಮಾಡುತ್ತಲೇ ಇರಲಿಲ್ಲ. ಏರಿನಲ್ಲಿ ಮಾತ್ರ ಗಾಡಿ ಎಳೆಯದೆ, ನೀವು ಗೇರ್ ಇಳಿಸಿ ಕಾಲನ್ನು ಕೊನೆಯವರೆಗೂ ಒತ್ತುತ್ತೀರಿ. ಆಗ ಮ್ಯಾನಿಫೋಲ್ಡ್‌ನ, ಅಂದರೆ ಕಾರ್ಬ್ಯುರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆಯ, ನಿರ್ವಾತ ಕುಸಿದು ಪವರ್ ವಾಲ್ವ್ ತೆರೆದುಕೊಂಡು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಉಳಿತಾಯಕ್ಕೆಂದು ಹೊರಟು ಖರ್ಚು ಹೆಚ್ಚಿಸಿಕೊಂಡಂತಾಗುತ್ತದೆ.

ಪ್ರಶ್ನೆ: ಸಿಗ್ನಲ್‌ನಿಂದ ಹೊರಡುವಾಗ ಕಾಲು ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಓಡುತ್ತದೆ. ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿ ಜೆಟ್‌ಗಳನ್ನು ತೊಳೆಸಿದರೂ ಸರಿಹೋಗಿಲ್ಲ. (ಮೈಸೂರಿನ ಓದುಗರು)

ಉತ್ತರ: ಮೊದಲು ಒಂದು ಮಾತು. ದೋಷ ಕಂಡಾಗ ಕಾರ್ಬ್ಯುರೇಟರ್‌ನ್ನು ಇಡಿಯಾಗಿ ಬಿಚ್ಚುವುದಕ್ಕಿಂತ, ಆ ಕ್ಷಣದಲ್ಲಿ ಅದರ ಯಾವ ದಾರಿಯಿಂದ ಪೆಟ್ರೋಲ್ ಹೋಗುತ್ತಿತ್ತು ಎಂದು ಕೇಳಿಕೊಳ್ಳಬೇಕು. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಪೆಟ್ರೋಲ್ ಬರುವ ದಾರಿ ಒಂದು, ಸ್ವಲ್ಪ ಕಾಲು ಒತ್ತಿದಾಗ ಇನ್ನೊಂದು, ಓಟದಲ್ಲಿ ಮತ್ತೊಂದು, ಥಟ್ಟನೆ ಒತ್ತಿದಾಗ ಬೇರೆಯದೇ. ನಿಮ್ಮ ದೋಷ ಥಟ್ಟನೆ ಒತ್ತಿದಾಗಿನದು. ಥ್ರಾಟಲ್ ತೆರೆದ ಕೂಡಲೇ ಗಾಳಿ ನುಗ್ಗುತ್ತದೆ, ಆದರೆ ಗಾಳಿಗಿಂತ ಎಷ್ಟೋ ಪಟ್ಟು ಭಾರವಾದ ಪೆಟ್ರೋಲ್ ಅಷ್ಟೇ ಬೇಗ ಹಿಂಬಾಲಿಸಲಾರದು. ಆ ಅರೆಕ್ಷಣದ ಕೊರತೆಯನ್ನು ತುಂಬಲು ಆಕ್ಸಿಲರೇಟರ್ ಪಂಪ್ ಇದೆ.

ಪರೀಕ್ಷೆ ಸುಲಭ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರ್ ತೆಗೆದು, ಹತ್ತಿರದಲ್ಲಿ ಬೆಂಕಿಯಿಲ್ಲವೆಂದು ಖಚಿತಪಡಿಸಿಕೊಂಡು, ಪ್ರೈಮರಿ ಬ್ಯಾರೆಲ್‌ನೊಳಗೆ ಟಾರ್ಚ್ ಬಿಟ್ಟು ಥ್ರಾಟಲ್ ಲಿವರನ್ನು ಕೈಯಿಂದ ತಿರುಗಿಸಿ. ಕೈ ಅಲುಗಿದ ಕೂಡಲೇ ಹಿತ್ತಾಳೆಯ ಪುಟ್ಟ ಮೂತಿಯಿಂದ ದಾರದಂತೆ ನೇರವಾದ ಪೆಟ್ರೋಲ್ ಧಾರೆ ಚಿಮ್ಮಿ, ಕೈ ನಿಂತ ಮೇಲೂ ಒಂದರೆಗಳಿಗೆ ಮುಂದುವರಿಯಬೇಕು. ಅದರ ಬದಲು ಹನಿ ತೊಟ್ಟಿಕ್ಕಿದರೆ, ಅಥವಾ ಲಿವರ್ ಅರ್ಧ ತಿರುಗಿದ ಮೇಲೆ ಶುರುವಾದರೆ, ಪಂಪಿನ ಡಯಾಫ್ರಮ್ ಗಟ್ಟಿಯಾಗಿದೆ ಅಥವಾ ಹರಿದಿದೆ. ಕಿಟ್ಟಿನಲ್ಲಿ ಅದು ಸಿಗುತ್ತದೆ, ನಾಲ್ಕು ಸ್ಕ್ರೂ ಬಿಚ್ಚುವಷ್ಟೇ ಕೆಲಸ.

ಮುಗ್ಗರಿಸುವುದು ಹೊರಡುವಾಗ ಅಲ್ಲದೆ, ಓವರ್‌ಟೇಕ್ ಮಾಡಲು ಹೋದಾಗ ಎರಡನೆಯ ಬ್ಯಾರೆಲ್ ತೆರೆಯುವ ಹಂತದಲ್ಲಿ ಎಂದಾದರೆ ಅನುಮಾನ ಬೇರೆಡೆ ತಿರುಗಬೇಕು. ಸೆಕೆಂಡರಿಗೂ ತನ್ನದೇ ಆದ ಸಣ್ಣ ಐಡಲ್ ಜೆಟ್ ಇದೆ. ಅದಕ್ಕೆ ಹೊಂದಿಸುವ ಸ್ಕ್ರೂ ಇಲ್ಲದ ಕಾರಣ ಅದೊಂದಿದೆ ಎಂಬುದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. 32/36ರಲ್ಲಿ ಎರಡೂ ಐಡಲ್ ಜೆಟ್‌ಗಳು ಹೊರಗಿನ ಎರಡು ಬದಿಗಳಲ್ಲೇ ಇರುವುದರಿಂದ ಕಾರ್ಬ್ಯುರೇಟರ್ ಇಳಿಸದೆಯೇ ತೆಗೆದು ಊದಬಹುದು.

ಜೆಟ್ ತೊಳೆಸಿದ್ದೀರಿ ಎಂದಿರಿ. ಯಾರಾದರೂ ತಂತಿ ತೂರಿಸಿದರೇ ಎಂದು ವಿಚಾರಿಸಿ. ವೆಬರ್ ಜೆಟ್‌ನ ಮೇಲೆ ಕೆತ್ತಿರುವ ಸಂಖ್ಯೆ ಮಿಲಿಮೀಟರ್‌ನ ನೂರನೆಯ ಭಾಗಗಳಲ್ಲಿರುತ್ತದೆ: 137 ಎಂದರೆ 1.37 ಮಿಲಿಮೀಟರ್. ಮೆತ್ತಗಿನ ಹಿತ್ತಾಳೆಯನ್ನು ಉಕ್ಕಿನ ತಂತಿ ಉಜ್ಜಿ ಆ ತೂತು 1.42 ಆದರೆ ಅದರ ವಿಸ್ತೀರ್ಣ ಶೇ. 7ರಷ್ಟು ಹೆಚ್ಚಿತು. ಹಲವು ವರ್ಷಗಳ ಹಿಂದೆ ನನ್ನದೇ ಗಾಡಿಯನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದಾಗ ಪ್ರೈಮರಿಯ ಜೆಟ್ ಸೆಕೆಂಡರಿಗೂ ಸೆಕೆಂಡರಿಯದು ಪ್ರೈಮರಿಗೂ ಸೇರಿ ವಾಪಸ್ಸು ಬಂದಿತ್ತು. ಎರಡೂ ನೋಡಲು ಒಂದೇ ತರಹ, ತಿರುಪಿನ ಮರೆಯೂ ಒಂದೇ. ಭೂತಗನ್ನಡಿ ಹಿಡಿದು ಸಂಖ್ಯೆ ಓದುವವರೆಗೆ ಎರಡು ತಿಂಗಳು ಪ್ಲಗ್, ಕಾಯಿಲ್, ಪೆಟ್ರೋಲ್ ಬಂಕ್ ಎಲ್ಲವನ್ನೂ ದೂರುತ್ತಿದ್ದೆ.

ಪ್ರಶ್ನೆ: ಐಡ್ಲಿಂಗ್ ಒಂದೇ ಸಮನೆ ನಿಲ್ಲುವುದಿಲ್ಲ. ಮಿಕ್ಸ್‌ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಕಾಣದು. (ದಾವಣಗೆರೆಯ ಓದುಗರು)

ಉತ್ತರ: ಸ್ಕ್ರೂ ತಿರುಗಿಸಿದರೂ ವ್ಯತ್ಯಾಸ ಕಾಣುವುದಿಲ್ಲ ಎನ್ನುವುದೇ ದೊಡ್ಡ ಸುಳಿವು. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಪೆಟ್ರೋಲ್ ಬರುವುದು ಬಿಲ್ಲೆಯ ಕೆಳಗಿರುವ, ಆ ಸ್ಕ್ರೂ ನಿಯಂತ್ರಿಸುವ ತೂತಿನಿಂದ. ಬಿಲ್ಲೆಯ ಅಂಚಿನ ಸರಿ ಮೇಲೆ ಪ್ರೊಗ್ರೆಷನ್ ತೂತುಗಳು ಎಂದು ಕರೆಯುವ ಇನ್ನೂ ಕೆಲವು ಸಣ್ಣ ತೂತುಗಳಿದ್ದು, ಕಾಲು ಸ್ವಲ್ಪ ಒತ್ತಿದಾಗ ಬಿಲ್ಲೆಯ ಅಂಚು ಅವನ್ನು ಒಂದೊಂದಾಗಿ ದಾಟುತ್ತದೆ. ಎಂಜಿನ್ ನಿಲ್ಲದಿರಲೆಂದು ಯಾರೋ ಥ್ರಾಟಲನ್ನು ತುಸು ತೆರೆದಿಡುವ ಸ್ಪೀಡ್ ಸ್ಕ್ರೂವನ್ನು ಅತಿಯಾಗಿ ಬಿಗಿ ಮಾಡಿದ್ದರೆ ಬಿಲ್ಲೆ ಆಗಲೇ ಆ ತೂತುಗಳನ್ನು ತೆರೆದುಬಿಟ್ಟಿರುತ್ತದೆ, ಪೆಟ್ರೋಲ್ ಅಲ್ಲಿಂದಲೇ ಬರುತ್ತಿರುತ್ತದೆ, ಮಿಕ್ಸ್‌ಚರ್ ಸ್ಕ್ರೂವಿನ ಮಾತು ನಡೆಯುವುದಿಲ್ಲ. ವೆಬರ್‌ನಲ್ಲಿ ಸ್ಪೀಡ್ ಸ್ಕ್ರೂ ಲಿವರ್‌ಗೆ ತಾಗಿದ ಮೇಲೆ ಒಂದೂವರೆ ಸುತ್ತಿಗಿಂತ ಹೆಚ್ಚು ಒಳಗೆ ಹೋಗಬಾರದು ಎಂಬುದು ಬಲ್ಲವರ ಲೆಕ್ಕ. ಅಷ್ಟರಲ್ಲಿ ಐಡ್ಲಿಂಗ್ ಸರಿಯಾಗಿ ಸಿಗದಿದ್ದರೆ ಐಡಲ್ ಜೆಟ್ ಕಟ್ಟಿಕೊಂಡಿದೆ ಅಥವಾ ಕಾರ್ಬ್ಯುರೇಟರ್ ಬುಡದ ಪ್ಯಾಕಿಂಗ್‌ನಲ್ಲಿ ಗಾಳಿ ಸೋರುತ್ತಿದೆ ಎಂದೇ ತಿಳಿಯಿರಿ. ಅದನ್ನು ಸರಿಪಡಿಸಿದ ಮೇಲೆ, ಬಿಸಿಯಾದ ಎಂಜಿನ್‌ನಲ್ಲಿ ಮಿಕ್ಸ್‌ಚರ್ ಸ್ಕ್ರೂವನ್ನು ಎಂಜಿನ್ ಕುಂಟುವವರೆಗೆ ಒಳಗೆ ತಿರುಗಿಸಿ, ನಂತರ ನಿಧಾನವಾಗಿ ಹೊರಗೆ ತಂದು ಅದು ನಯವಾಗಿ ಓಡುವ ಮೊದಲ ಜಾಗದಲ್ಲಿ ಬಿಡಿ.

ಪ್ರಶ್ನೆ: ಊಟಿಗೆ ಹೋದಾಗಲೆಲ್ಲ ಗಾಡಿ ಕಪ್ಪು ಹೊಗೆ ಬಿಡುತ್ತದೆ, ಮೈಸೂರಿಗೆ ಇಳಿದ ಮೇಲೆ ತಾನಾಗಿಯೇ ಸರಿಯಾಗುತ್ತದೆ. (ನಂಜನಗೂಡಿನ ಓದುಗರು)

ಉತ್ತರ: ಗಾಡಿಯಲ್ಲಿ ದೋಷವಿಲ್ಲ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ, ಆದರೆ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಲೆಕ್ಕ ಹಾಕಿದರೆ ಮಿಶ್ರಣದಲ್ಲಿ ಪೆಟ್ರೋಲ್ ಸುಮಾರು ಶೇ. 12ರಷ್ಟು ಹೆಚ್ಚಾಗುತ್ತದೆ. ಎರಡು ದಿನದ ಪ್ರವಾಸಕ್ಕಾಗಿ ಜೆಟ್ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್ ಹಾಕಿದ ಮೇಲೆ ಗಾಡಿಯ ಎಳೆತ ಕಡಿಮೆಯಾದಂತಿದೆ. ಇದು ನನ್ನ ಭ್ರಮೆಯೇ? (ಬೆಳಗಾವಿಯ ಓದುಗರು)

ಉತ್ತರ: ಭ್ರಮೆಯಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು, ಎಥೆನಾಲ್‌ಗೆ 9 ಪಟ್ಟು ಸಾಕು. ಶೇ. 20ರಷ್ಟು ಎಥೆನಾಲ್ ಬೆರೆತ ಇಂಧನಕ್ಕೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಇರುವ ಹೊಸ ಕಾರುಗಳು ಸೈಲೆನ್ಸರ್ ಪೈಪಿನಲ್ಲಿರುವ ಆಮ್ಲಜನಕದ ಸೆನ್ಸರ್ ನೋಡಿಕೊಂಡು ಇಂಧನವನ್ನು ತಾವೇ ಹೆಚ್ಚಿಸಿಕೊಳ್ಳುತ್ತವೆ. ಕಾರ್ಬ್ಯುರೇಟರ್‌ಗೆ ಅಂತಹ ಕಣ್ಣಿಲ್ಲ. ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ, ಆದ್ದರಿಂದ ಮಿಶ್ರಣ ಶೇ. 8ರಷ್ಟು ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಮೊದಲೇ ಸ್ವಲ್ಪ ಧಾರಾಳವಾಗಿ ಹೊಂದಿಸಿದ್ದ ಗಾಡಿಗೆ ಇದು ತಿಳಿಯುವುದೇ ಇಲ್ಲ, ಮೈಲೇಜಿಗೆಂದು ಬಿಗಿಯಾಗಿ ಹೊಂದಿಸಿದ್ದ ಗಾಡಿ ಮುಗ್ಗರಿಸುತ್ತದೆ, ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ತುದಿ ಬಿಳಿಚಿಕೊಂಡಿದ್ದರೆ ಮೇನ್ ಜೆಟ್ಟನ್ನು ಒಂದೆರಡು ಅಳತೆ ಹೆಚ್ಚಿಸಿ ನೋಡಬಹುದು. ತಂತಿಯ ವಿಷಯದಲ್ಲಿ ಬೈದ ಅದೇ 137ರಿಂದ 142ರ ವ್ಯತ್ಯಾಸ ಇಲ್ಲಿ ಹೆಚ್ಚುಕಡಿಮೆ ಸರಿಯಾದ ಪರಿಹಾರ, ಆದರೆ ಅದು ಅಂಗಡಿಯಿಂದ ತಂದ ಜೆಟ್ ಆಗಿರಲಿ. ಇದರ ಜೊತೆಗೆ ಹಳೆಯ ಕಾಲದ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಮ್‌ಗಳನ್ನು ಎಥೆನಾಲ್ ಉಬ್ಬಿಸಿ ಹಾಳುಮಾಡಬಲ್ಲದಾದ್ದರಿಂದ, ಎಥೆನಾಲ್ ತಡೆಯುವಂತಹ ಕಿಟ್ ಕೇಳಿ ಹಾಕಿಸಿ. ಪೆಟ್ರೋಲ್ ಪೈಪನ್ನು ಬೆರಳಿನಿಂದ ಹಿಸುಕಿದಾಗ ಜಿಗುಟಾಗಿದ್ದರೆ ಅಥವಾ ಬಿರುಕು ಕಂಡರೆ ಅದನ್ನು ಈ ವಾರವೇ ಬದಲಿಸಿ, ಏಕೆಂದರೆ ಅದು ಸೋರಿದಾಗ ಪೆಟ್ರೋಲ್ ಬೀಳುವುದು ಬಿಸಿ ಎಂಜಿನ್‌ನ ಮೇಲೆ.