ಕಾಲಿನ ನರಗಳ ಪರೀಕ್ಷೆಗೆ ನೋವು ಬರುವ ತನಕ ಕಾಯಬೇಕೆ?

ಮಾನ್ಯ ಓದುಗರೆ,

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಿಂದ ನೀವು ಬರೆದ ಪತ್ರ ತಲುಪಿದೆ. ಏಳು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿರುವ ನಿಮಗೆ ಕಾಲಿನಲ್ಲಿ ಉರಿಯಾಗಲಿ ಜೋಮಾಗಲಿ ಇಲ್ಲವೆಂದೂ, ನೋವಿಲ್ಲದವರಿಗೆ ನರಗಳ ಪರೀಕ್ಷೆ ಏಕೆ ಎಂದು ಕ್ಲಿನಿಕ್‌ನಲ್ಲಿ ಹೇಳಿದರೆಂದೂ ಬರೆದಿದ್ದೀರಿ. ನೆರೆಮನೆಯವರು ಶಿಬಿರವೊಂದರಲ್ಲಿ ಯಂತ್ರದಿಂದ ಪಾದ ಪರೀಕ್ಷೆ ಮಾಡಿಸಿಕೊಂಡು ವೋಲ್ಟ್ ಲೆಕ್ಕದ ವರದಿ ತಂದಿದ್ದಾರೆ. ಅದು ನಂಬಲರ್ಹವೇ, ಇಲ್ಲವೇ ಮಂಗಳೂರಿಗೆ ಹೋಗಿ ದೊಡ್ಡ ಪರೀಕ್ಷೆ ಮಾಡಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಕಳೆದ ತಿಂಗಳಷ್ಟೇ ಮಧುಮೇಹ ಪತ್ತೆಯಾದ ನಿಮ್ಮ ಪತ್ನಿಗೂ ಈಗಲೇ ಪರೀಕ್ಷೆ ಬೇಕೇ ಎಂದೂ ಕೇಳಿದ್ದೀರಿ.

ನಿಮ್ಮ ಪತ್ರದ ನಡುವೆ, ಬೇರೇನನ್ನೋ ಹೇಳುವಾಗ ಬಂದುಹೋದ ಒಂದು ಸಂಗತಿಯಿಂದಲೇ ಉತ್ತರವನ್ನು ಆರಂಭಿಸಬೇಕಾಗಿದೆ. ಬೇಸಗೆಯ ಮಧ್ಯಾಹ್ನ ಸಿಮೆಂಟಿನ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ಬರಿಗಾಲಿನಲ್ಲಿ ಮಗುಚಿ ಬಂದಿರಿ. ಸಂಜೆ ನಿಮ್ಮ ಅಂಗಾಲಿನಲ್ಲಿ ನೀರುಗುಳ್ಳೆ ಎದ್ದಿದ್ದನ್ನು ಮೊದಲು ಕಂಡವರು ನಿಮ್ಮ ಪತ್ನಿ. ಚರ್ಮ ಸುಟ್ಟು ಗುಳ್ಳೆ ಬರುವಷ್ಟು ಬಿಸಿ ತಾಗಿಯೂ ಕಾಲು ತಾನಾಗಿ ಹಿಂದೆ ಸರಿಯಲಿಲ್ಲ ಎಂದರೆ, ಬಿಸಿಯ ಸುದ್ದಿ ಮೇಲಕ್ಕೆ ಸರಿಯಾಗಿ ತಲುಪುತ್ತಿಲ್ಲವೆಂದು ಶಂಕಿಸಲೇಬೇಕು. ನೀವು ಇದನ್ನು ತೊಂದರೆಯೆಂದು ಎಣಿಸದಿರುವುದು ಸಹಜ, ಏಕೆಂದರೆ ಅಲ್ಲಿ ತೊಂದರೆಯ ಅನುಭವವೇ ಆಗುವುದಿಲ್ಲ. ಮಧುಮೇಹದಿಂದ ಕಾಲಿನ ನರಗಳಿಗೆ ಹಾನಿಯಾದವರಲ್ಲಿ ಅರ್ಧದಷ್ಟು ಮಂದಿಗೆ ಯಾವ ಲಕ್ಷಣವೂ ಕಾಣಿಸದೆ ಇರಬಹುದು. ಆದ್ದರಿಂದ ನೋವನ್ನೇ ಮಾನದಂಡವಾಗಿ ಇಟ್ಟುಕೊಂಡರೆ ಅಷ್ಟೂ ಮಂದಿ ಗಾಯವಾಗುವ ತನಕ ಕಣ್ತಪ್ಪಿ ಉಳಿಯುತ್ತಾರೆ. ನಿಮ್ಮ ಮಟ್ಟಿಗೆ ಪರೀಕ್ಷೆಯನ್ನು ಇನ್ನು ಮುಂದೂಡಬಾರದು.

ಹಾನಿ ಪಾದದಿಂದಲೇ ಏಕೆ ಆರಂಭವಾಗುತ್ತದೆ ಎಂಬುದನ್ನು ತಿಳಿದರೆ ಪರೀಕ್ಷೆಗಳ ಅರ್ಥವೂ ತಿಳಿಯಾಗುತ್ತದೆ. ಕಾಲ್ಬೆರಳಿನ ಸ್ಪರ್ಶವನ್ನು ಒಯ್ಯುವ ನರತಂತುವಿನ ಮೂಲಕೋಶ ಇರುವುದು ಸೊಂಟದ ಬಳಿ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಆ ತಂತು ಸುಮಾರು ಒಂದು ಮೀಟರ್ ಉದ್ದಕ್ಕೆ ಚಾಚಿಕೊಂಡಿರುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿದ್ದಾಗ ತಂತುವಿಗೂ, ಅದನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಪಂಪಿನ ಒತ್ತಡ ಕುಸಿದಾಗ ತೋಟದ ಕೊನೆಯ ಸಾಲಿನ ಸ್ಪ್ರಿಂಕ್ಲರ್ ಮೊದಲು ನಿಲ್ಲುವಂತೆ, ಎಲ್ಲಕ್ಕಿಂತ ಉದ್ದವಾದ ತಂತುಗಳ ತುದಿ ಮೊದಲು ಸೊರಗುತ್ತದೆ. ಎರಡೂ ಪಾದಗಳಲ್ಲಿ ಸಮನಾಗಿ ತೊಡಗಿ, ಕಾಲುಚೀಲ ತೊಟ್ಟಷ್ಟು ಜಾಗವನ್ನು ಆವರಿಸಿ, ಮೊಣಕಾಲಿನ ಹತ್ತಿರಕ್ಕೆ ಏರುವ ಹೊತ್ತಿಗೆ ಕೈಬೆರಳುಗಳ ತುದಿಯೂ ಮಂಕಾಗತೊಡಗುತ್ತದೆ. ನೋವು, ಬಿಸಿ ಹಾಗೂ ತಂಪನ್ನು ತಿಳಿಸುವ ತೆಳು ತಂತುಗಳು ಹಲವರಲ್ಲಿ ಮೊದಲೇ ಕೆಡುತ್ತವೆ. ಕಂಪನ ಮತ್ತು ಕಾಲಿನ ಭಂಗಿಯನ್ನು ತಿಳಿಸುವ ದಪ್ಪ ತಂತುಗಳಿಗೆ ಬಾಧೆ ಸಾಮಾನ್ಯವಾಗಿ ಆ ಬಳಿಕ ತಟ್ಟುತ್ತದೆ.

ಆದ್ದರಿಂದ ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ತೆಳು ತಂತುಗಳಿಗಾಗಿ ಮೊನೆಯ ಚುಚ್ಚಿನಿಂದಲೋ ತಣ್ಣನೆಯ ಲೋಹವನ್ನು ತಾಗಿಸಿಯೋ ನೋಡುತ್ತಾರೆ. ದಪ್ಪ ತಂತುಗಳಿಗಾಗಿ ಸೆಕೆಂಡಿಗೆ 128 ಬಾರಿ ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳಿನ ಎಲುಬಿನ ಮೇಲಿಟ್ಟು, ಕಂಪನ ಯಾವಾಗ ನಿಂತಂತೆ ಅನಿಸಿತು ಎಂದು ಕೇಳುತ್ತಾರೆ. ರೋಗಿಗೆ ನಿಂತಂತೆ ಅನಿಸಿದ ಮೇಲೂ ಪರೀಕ್ಷಿಸುವವರ ಕೈಗೆ ಅದು ಬಹಳ ಹೊತ್ತು ತಿಳಿಯುತ್ತಿದ್ದರೆ ನರ ಮಂಕಾಗಿದೆ ಎಂದರ್ಥ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಪಾದ ಮಿಡಿಯುತ್ತದೆಯೇ ಎಂದು ನೋಡುವುದೂ ಉಂಟು. ಇವುಗಳ ಜೊತೆಗೆ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯ ಪರೀಕ್ಷೆ ಇದೆ. ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯನ್ನು, ಆಣಿಗಟ್ಟಿದ ಜಾಗಗಳನ್ನು ಬಿಟ್ಟು, ಅಂಗಾಲಿನ ಕೆಲವು ನಿರ್ದಿಷ್ಟ ಬಿಂದುಗಳಲ್ಲಿ ಒತ್ತುತ್ತಾರೆ. ಅದು ತಿಳಿಯದಿದ್ದರೆ ಪಾದವನ್ನು ಗಾಯದಿಂದ ಕಾಯುವ ಸ್ಪರ್ಶಜ್ಞಾನವೇ ಹೋಗಿದೆ ಎಂದು ತೀರ್ಮಾನಿಸಲಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಈ ಎಳೆಯೊಂದನ್ನೇ ಬಳಸಿ ಎಲ್ಲವೂ ಸರಿಯಿದೆ ಎಂದರೆ, ಹಾನಿ ಇನ್ನೂ ಮುಂದುವರಿದಿಲ್ಲ ಎಂದಾಯಿತೇ ಹೊರತು ಆರಂಭವೇ ಆಗಿಲ್ಲ ಎಂದಾಗಲಿಲ್ಲ.

ಇಷ್ಟು ಪರೀಕ್ಷೆಗೆ ಹತ್ತು ನಿಮಿಷವೂ ಬೇಡ, ದುಬಾರಿ ಸಲಕರಣೆಯೂ ಬೇಡ. ಕೇರಳ ಸರಕಾರ 2017ರಲ್ಲಿ ಆರಂಭಿಸಿದ ಆರ್ದ್ರಂ ಎಂಬ ಆರೋಗ್ಯ ಯೋಜನೆಯಡಿ ನಮ್ಮ ಜಿಲ್ಲೆಯ ಅನೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾಗಿವೆ. ಜೀವನಶೈಲಿ ರೋಗಗಳ ತಪಾಸಣೆಯ ದಿನ ಅಲ್ಲಿಗೆ ಹೋಗಿ, ರಕ್ತಪರೀಕ್ಷೆಯ ಜೊತೆಗೆ ಪಾದವನ್ನೂ ನೋಡಬೇಕೆಂದು ನೀವಾಗಿ ಕೇಳಿಕೊಳ್ಳಿ. ಗಡಿನಾಡಿನ ಹಿರಿಯರ ವಿಷಯದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಯೊಂದಿದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವವರು, ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಪಾದದ ಜುಮುಜುಮುವನ್ನೂ ಹತ್ತಿಯ ಮೇಲೆ ನಡೆದಂತಾಗುವ ಅನುಭವವನ್ನೂ ವಿವರಿಸಲಾಗದೆ ‘ತೊಂದರೆ ಏನಿಲ್ಲ’ ಎಂದು ಎದ್ದು ಬಂದುಬಿಡುತ್ತಾರೆ. ಅಂಥವರ ಜೊತೆಗೆ ಮನೆಯವರೊಬ್ಬರು ಹೋಗುವುದು ಒಳಿತು, ಮತ್ತು ಕೇಳಿ ತಿಳಿಯುವುದಕ್ಕಿಂತ ಮುಟ್ಟಿ ತಿಳಿಯುವ ಪರೀಕ್ಷೆಯೇ ಅವರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಮುಟ್ಟಿ ನೋಡುವ ಅಂಥದೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿ 2011ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಬೆರಳ ತುದಿಯೊಂದೇ ಸಾಕು. ನೀವು ಕಣ್ಣು ಮುಚ್ಚಿ ಮಲಗಿರಿ. ನಿಮ್ಮ ಪತ್ನಿ ತಮ್ಮ ತೋರುಬೆರಳಿನಿಂದ ನಿಮ್ಮ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಗಳನ್ನು, ಕ್ರಮ ಬದಲಿಸುತ್ತಾ, ಒಂದೊಂದನ್ನೂ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಕಚಗುಳಿಯಿಡಬಾರದು. ತಿಳಿದಾಗ ಬಲ ಅಥವಾ ಎಡ ಎಂದು ಹೇಳಿದರಾಯಿತು. ತಿಳಿಯದೆ ಹೋದ ಬೆರಳನ್ನು ಮತ್ತೆ ಮುಟ್ಟಿ ಅವಕಾಶ ಕೊಡಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳ ಸ್ಪರ್ಶ ತಿಳಿಯದಿದ್ದರೆ ವೈದ್ಯರನ್ನು ಕಾಣಲೇಬೇಕು. ಎಲ್ಲವೂ ತಿಳಿದರೂ ವಾರ್ಷಿಕ ತಪಾಸಣೆಯನ್ನು ಬಿಡುವಂತಿಲ್ಲ; ನಿಮ್ಮಂತೆ ಅರಿಯದೆ ಸುಟ್ಟುಕೊಂಡವರಂತೂ ಬಿಡಲೇಬಾರದು. ಬಿಸಿ ತಿಳಿಯುತ್ತದೆಯೇ ಎಂದು ಹಂಡೆಯ ನೀರಿನಲ್ಲಿ ಕಾಲಿಟ್ಟು ಪರೀಕ್ಷಿಸುವ ಸಾಹಸ ಮಾತ್ರ ಬೇಡ.

ನಿಮ್ಮ ನೆರೆಯವರು ಮಾಡಿಸಿಕೊಂಡದ್ದು ಬಯೋಥೀಸಿಯೋಮೀಟರ್ ಪರೀಕ್ಷೆ. ವೋಲ್ಟ್ ಎಂಬ ಹೆಸರು ಕೇಳಿ ನರದೊಳಗೆ ವಿದ್ಯುತ್ ಹರಿಸುತ್ತಾರೆಂದು ಭಾವಿಸಬೇಕಾಗಿಲ್ಲ. ಪಾದಕ್ಕೆ ತಾಗಿಸಿದ ಮೊನೆಯ ಕಂಪನವನ್ನು ಎಷ್ಟು ಏರಿಸಿದಾಗ ಅದು ಅರಿವಿಗೆ ಬಂತು ಎಂಬುದರ ಅಳತೆ ಅದು. 25 ವೋಲ್ಟ್ ದಾಟಿದರೆ ಪಾದದಲ್ಲಿ ಹುಣ್ಣಾಗುವ ಅಪಾಯ ಹೆಚ್ಚೆಂದು ಪರಿಗಣಿಸುತ್ತಾರೆ. ಪರೀಕ್ಷೆ ಒಳ್ಳೆಯದೇ. ಆದರೆ ವಯಸ್ಸಾದಂತೆ ಈ ಅಂಕಿ ಸಹಜವಾಗಿಯೂ ಏರುತ್ತದೆ, ಮತ್ತು ಅದು ದಪ್ಪ ತಂತುಗಳ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ವರದಿಯ ಕಾಗದವನ್ನು ಕೈಗಿತ್ತು, ಪಾದವನ್ನು ಬರಿಗಣ್ಣಿನಿಂದ ನೋಡದೆ ಕಳುಹಿಸಿದ್ದರೆ ಅದು ಅರೆಬರೆ ತಪಾಸಣೆ.

ಮಂಗಳೂರಿನ ದೊಡ್ಡ ಪರೀಕ್ಷೆ ಎಂದು ನೀವು ಹೇಳಿದ್ದು, ನರದಲ್ಲಿ ವಿದ್ಯುತ್ ಸಂಕೇತ ಹೇಗೆ ಸಾಗುತ್ತದೆ ಎಂದು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಇರಬೇಕು. ಅದೂ ದಪ್ಪ ತಂತುಗಳನ್ನು ಮಾತ್ರ ಅಳೆಯುವುದರಿಂದ ತೆಳು ತಂತುಗಳ ಆರಂಭದ ಹಾನಿಯಿದ್ದಾಗಲೂ ವರದಿ ಸರಿಯಾಗಿ ಬರಬಹುದು. ಸಾಮಾನ್ಯ ಮಧುಮೇಹಿಗೆ ಅದರ ಅಗತ್ಯವಿಲ್ಲ. ಒಂದೇ ಕಾಲಿನಲ್ಲಿ ತೊಂದರೆ, ಕೈಯಿಂದ ಆರಂಭವಾದ ಜೋಮು, ಬೇಗಬೇಗನೆ ಏರುವ ಬಾಧೆ ಅಥವಾ ಸ್ನಾಯುಗಳ ಬಲಹೀನತೆ ಇದ್ದರೆ ವೈದ್ಯರೇ ಅದನ್ನು ಸೂಚಿಸುತ್ತಾರೆ.

ನಿಮ್ಮ ಪರೀಕ್ಷೆಯಲ್ಲಿ ದೋಷ ಕಂಡರೂ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟಬಾರದು. ಮೆಟ್‌ಫಾರ್ಮಿನ್ ದೀರ್ಘಕಾಲ ಸೇವಿಸುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ನೀವು ಸಸ್ಯಾಹಾರಿಯಾಗಿದ್ದರೆ ಆ ಸಾಧ್ಯತೆ ಇನ್ನೂ ಹೆಚ್ಚು, ಮತ್ತು ಅದರಿಂದಾಗುವ ನರಹಾನಿಗೆ ಬೇರೆಯೇ ಚಿಕಿತ್ಸೆ ಇದೆ. ಥೈರಾಯ್ಡ್, ಮೂತ್ರಪಿಂಡದ ಕಾಯಿಲೆ ಮತ್ತು ಮದ್ಯಪಾನವನ್ನೂ ವಿಚಾರಿಸಬೇಕಾಗುತ್ತದೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಚು ಮಚ್ಚೆಗಳಿದ್ದರೆ ಕುಷ್ಠದ ತಪಾಸಣೆಯೂ ಆಗಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಪಾದ ಬೆವರದೆ ಒಣಗಿ ಬಿರಿಯುವುದು ಕೂಡ ನರಗಳ ದೋಷದಿಂದ ಆಗಬಹುದು. ನಾಚಿಕೊಳ್ಳದೆ, ಚಿಕ್ಕದೆಂದು ತಳ್ಳದೆ ಹೇಳಿಬಿಡಿ.

ಸತ್ತ ನರವನ್ನು ಮರಳಿ ತರುವ ಔಷಧಿ ಇಲ್ಲ. ಬೇಗ ಪತ್ತೆಹಚ್ಚಿ ಉಳಿದದ್ದನ್ನು ಕಾಯುವುದಷ್ಟೇ ನಮ್ಮ ಕೈಯಲ್ಲಿದೆ. ಒಂದನೆಯ ವಿಧದ (ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ಬಹುತೇಕ ಉತ್ಪತ್ತಿಯಾಗದ) ಮಧುಮೇಹಿಗಳಲ್ಲಿ ಬಿಗಿಯಾದ ಸಕ್ಕರೆ ನಿಯಂತ್ರಣದಿಂದ ನರಹಾನಿ ಸುಮಾರು 60 ಶೇಕಡಾ ಕಡಿಮೆಯಾಗುತ್ತದೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1993ರಲ್ಲಿ ತೋರಿಸಿತು. ನಿಮ್ಮದಾಗಿರಬಹುದಾದ ಎರಡನೆಯ ವಿಧದಲ್ಲಿ ಲಾಭ ಅಷ್ಟು ದೊಡ್ಡದಲ್ಲವಾದರೂ ಇದ್ದೇ ಇದೆ. ಇನ್ನು ಮುಂದೆ ಅಂಗಳಕ್ಕಾಗಲಿ ತೋಟಕ್ಕಾಗಲಿ ಮೃದುವಾದ ಅಟ್ಟೆಯ ಚಪ್ಪಲಿ ಇಲ್ಲದೆ ಇಳಿಯಬೇಡಿ, ದಿನಾ ರಾತ್ರಿ ಬೆರಳ ಸಂದಿಗಳನ್ನೂ ಸೇರಿಸಿ ಪಾದಗಳನ್ನು ನೋಡಿಸಿಕೊಳ್ಳಿ, ನೋಯದ ಗಾಯ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ನಿಮ್ಮ ಪತ್ನಿಗೂ ಪರೀಕ್ಷೆ ಈಗಲೇ ಬೇಕು. ಎರಡನೆಯ ವಿಧದ ಮಧುಮೇಹ ಪತ್ತೆಯಾಗುವ ಹೊತ್ತಿಗೆ ಅದು ಒಳಗೊಳಗೇ ಕೆಲವು ವರ್ಷ ಕಳೆದಿರುವ ಸಾಧ್ಯತೆ ಇರುವುದರಿಂದ, ಪತ್ತೆಯಾದಾಗಲೇ ಮೊದಲ ಪಾದ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ಎಂಬುದು ನಿಯಮ. ಒಂದನೆಯ ವಿಧದವರಿಗೆ ಮಾತ್ರ ಐದು ವರ್ಷಗಳ ಬಳಿಕ ಆರಂಭಿಸಿದರೆ ಸಾಕು. ಇಬ್ಬರೂ ಒಂದೇ ದಿನ ಹೋಗಿ, ಫಲಿತಾಂಶವನ್ನು ಚಿಕಿತ್ಸೆಯ ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ. ಬರುವ ವರ್ಷದ ಪರೀಕ್ಷೆಯಲ್ಲಿ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಸಂಪಾದಕ