ಚರ್ಚೆಯೇ ಇಲ್ಲದೆ ಪಾಸಾದ ಪಾರ್ಕಿಂಗ್ ನಿಯಮ

ಕ್ಯಾಲಿಫೋರ್ನಿಯಾದ ನಿಮ್ಮ ಊರಲ್ಲಿ, ನಿಮ್ಮ ಬೀದಿಯ ಪಾರ್ಕಿಂಗ್ ವಿಷಯ ಸಿಟಿ ಕೌನ್ಸಿಲ್‌ನಲ್ಲಿ ಅರ್ಧ ನಿಮಿಷದಲ್ಲಿ ಪಾಸಾಯಿತು, ಈಗೇನು ಮಾಡೋದು ಅಂತ ಕೇಳಿದಿರಲ್ಲ, ಅದು ಬಹುಶಃ ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿತ್ತು. ಹಿಂದಿನ ಸಭೆಯ ನಡಾವಳಿ, ಗುತ್ತಿಗೆ, ಹೀಗೆ ತಕರಾರಿಲ್ಲ ಅನ್ನಿಸಿದ್ದನ್ನೆಲ್ಲ ಒಂದು ಗಂಟು ಕಟ್ಟಿ ಒಂದೇ ವೋಟಿನಲ್ಲಿ ಮುಗಿಸುತ್ತಾರೆ.

ಮೊದಲು ಆ ಸಭೆಯ ಅಜೆಂಡಾ ತೆರೆದು ಅದು ಆರ್ಡಿನೆನ್ಸೋ (ಊರಿನ ಕಾನೂನು) ರೆಸಲ್ಯೂಷನ್ನೋ (ಕೌನ್ಸಿಲ್‌ನ ನಿರ್ಣಯ) ನೋಡಿ. ಆರ್ಡಿನೆನ್ಸ್ ಆಗಿದ್ದು ಮೊದಲ ಓದು, ಅಂದರೆ ಸಭೆಯ ಮುಂದೆ ಮೊದಲ ಸಲ ಇಡುವುದು, ಮಾತ್ರ ಮುಗಿದಿದ್ದರೆ ಕಾಲ ಮಿಂಚಿಲ್ಲ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಎರಡನೇ ಓದು, ಅಂದರೆ ಅಂತಿಮ ವೋಟು, ಕನಿಷ್ಠ 5 ದಿನ ಬಿಟ್ಟೇ ಆಗಬೇಕು. ಅದೂ ಹೆಚ್ಚಾಗಿ ಕನ್ಸೆಂಟ್‌ನಲ್ಲೇ ನುಸುಳುತ್ತದೆ, ಹುಷಾರು.

ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು. ಕಂಡ ಕೂಡಲೇ ಐಟಂ ನಂಬರ್ ಬರೆದು, ‘ಇದನ್ನು ಕನ್ಸೆಂಟ್ ಪಟ್ಟಿಯಿಂದ ತೆಗೆದು ಬೇರೆಯಾಗಿ ಚರ್ಚಿಸಿ’ ಅಂತ ಕೌನ್ಸಿಲ್ ಸದಸ್ಯರೊಬ್ಬರಿಗೆ ಮೇಲ್ ಮಾಡಿ. ಸಾರ್ವಜನಿಕರೇ ಕೇಳಿದರೆ ತೆಗೆಯುತ್ತಾರೋ ಇಲ್ಲವೋ ಅನ್ನುವುದು ಊರಿಂದೂರಿಗೆ ಬೇರೆ. ಸಿಟಿ ಕ್ಲರ್ಕ್‌ಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಸಭೆಯಲ್ಲಿ ಕನ್ಸೆಂಟ್ ವೋಟಿಗೆ ಮುಂಚೆಯೇ ಮಾತಾಡಿ. ನಾನೊಮ್ಮೆ ಮಾತಾಡಬೇಕು ಅಂತ ಚೀಟಿ ಹಿಡಿದು ಸುಮ್ನೆ ರಾತ್ರಿ ಹತ್ತರವರೆಗೆ ಕಾದು ಕೂತಿದ್ದೆ. ‘ಅದು ಏಳೂಕಾಲಿಗೇ ಮುಗೀತಲ್ಲ’ ಅಂದರು!

ರೆಸಲ್ಯೂಷನ್ ಆಗಿದ್ದರೆ ಆಗಿಹೋಯಿತು. ಮುಂದಿನ ಅಜೆಂಡಾದಲ್ಲಿ ಮತ್ತೆ ಹಾಕಿಸಲು ಆ ಸದಸ್ಯರನ್ನೇ ಹಿಡಿಯಿರಿ.